ಬ್ಲಾಕಿನ ದನಿ ಕೇಳುತ್ತಿದ್ದ ಫಜಲುಲ್ಲಾ

ಚಿತ್ರದುರ್ಗದ ತುರುವನೂರು ರಸ್ತೆಯಲ್ಲಿ ಫಜಲುಲ್ಲಾ ಅವರ ಬೋರಿಂಗ್ ಶಾಪ್ ಇದೆ. ಬೋರಿಂಗ್ ಅಂದರೆ ಕೊಳವೆಬಾವಿ ಅಂದುಕೊಂಡು ನೀರಿನ ಪಾಯಿಂಟ್ ತೋರಿಸಿ ಎಂದು ಕರೆಯಲು ಬಂದ ರೈತರೂ ಉಂಟು. ಅವರದು ಸವೆದ ಎಂಜಿನ್ನಿನ ಸಿಲಿಂಡರುಗಳನ್ನು ಕೊರೆದು ಮತ್ತೆ ದುಂಡಗೆ ಮಾಡುವ ಕೆಲಸ. ಹೊಸ ಕಾರುಗಳು ಆ ಬಾಗಿಲಿಗೆ ಬರುವುದಿಲ್ಲ. ಅಂಬಾಸಡರ್, ಪದ್ಮಿನಿ, ಹಳೆಯ ಜೀಪು, ಮಟಡೋರ್ ಇಂಥವುಗಳ ಎಂಜಿನ್ ಬ್ಲಾಕುಗಳು ಲಗೇಜ್ ಆಟೋದಲ್ಲಿ ಗೋಣಿಚೀಲ ಹೊದ್ದುಕೊಂಡು ಬರುತ್ತವೆ.

ಬ್ಲಾಕ್ ಎಂದರೆ ಎಂಜಿನ್ನಿನ ಒಡಲು; ಎರಕ ಹೊಯ್ದ ಕಬ್ಬಿಣದ ದೊಡ್ಡ ಗಟ್ಟಿ. ಅದು ಕೆಟ್ಟರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ದಂಡ. ಹಾಗಾಗಿ ಹಳೆಯ ಬ್ಲಾಕ್ ಕೊಳ್ಳುವವರು ಮೊದಲು ಫಜಲುಲ್ಲಾ ಅವರಿಗೆ ತೋರಿಸುತ್ತಿದ್ದರು. ಅವರು ಡೀಸೆಲ್ ಬಟ್ಟೆಯಿಂದ ನಂಬರ್ ಇರುವ ಜಾಗ ಒರೆಸುತ್ತಿದ್ದರು. ಅರದಿಂದ ಉಜ್ಜಿ ಮತ್ತೆ ಹೊಡೆದ ನಂಬರಾದರೆ ಅಂಕಿಗಳ ಆಳ ಒಂದೇ ಸಮ ಇರುವುದಿಲ್ಲ. ಅಂಥದ್ದು ಕಂಡರೆ ಕಳವಿನ ಮಾಲೆಂದು ಬಟ್ಟೆ ಪಕ್ಕಕ್ಕೆಸೆದು, "ಇದು ಬ್ಯಾಡ, ತಗಂಡೋಗ್ರಿ" ಅನ್ನುತ್ತಿದ್ದರು. ನಂಬರ್ ಸರಿ ಇದ್ದರೆ ಸಿಲಿಂಡರಿನ ಬಾಯಂಚಿಗೆ ಉಗುರು ಹಚ್ಚಿ ಸವೆತ ನೋಡುತ್ತಿದ್ದರು. ಎಂಜಿನ್ ತಣ್ಣಗಿರಲೆಂದು ನೀರು ಹರಿಯುವ ಟೊಳ್ಳುಗಳಿಗೆ ತಂತಿ ತೂರಿಸಿ ಕೆದಕುತ್ತಿದ್ದರು. ನಮ್ಮ ಸೀಮೆಯ ಬೋರ್‌ವೆಲ್ ನೀರು ಬಹಳ ಗಡಸು; ಅದನ್ನೇ ರೇಡಿಯೇಟರಿಗೆ ಸುರಿಯುವುದರಿಂದ ಒಳಗೆ ಸುಣ್ಣದಂತೆ ಗಟ್ಟಿ ಕಟ್ಟಿ, ಅದರಡಿಯ ಕಬ್ಬಿಣ ತುಕ್ಕು ತಿಂದು ತೆಳುವಾಗುತ್ತದೆ.

ಕೊನೆಗೆ ಬ್ಲಾಕನ್ನು ಸರಪಳಿಗೆ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟುವುದು. ಗಟ್ಟಿ ಎರಕದ ದನಿ ಟಣ್ ಎಂದು ಎಳೆಯುತ್ತದೆ. ಬಿರುಕಿದ್ದರೆ ಒಡೆದ ಮಡಕೆಯ ಹಾಗೆ ಟಪ್ ಎಂದು ಅಲ್ಲೇ ಸಾಯುತ್ತದೆ. ಅವರದು ಅಜ್ಜನ ಕಾಲದವರೆಗೂ ಎತ್ತು, ಕುದುರೆಗಳಿಗೆ ಲಾಳ ಕಟ್ಟುತ್ತಿದ್ದ ಮನೆತನ. ಕಬ್ಬಿಣದ ದನಿ ಕೇಳುವುದನ್ನು ಅಪ್ಪ ಕಲಿಸಿದ್ದರು. ಅನುಮಾನ ಬಂದ ಬ್ಲಾಕನ್ನು ಮಾತ್ರ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಟೊಳ್ಳುಗಳಿಗೆ ಗಾಳಿ ತುಂಬಿ, ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತಿದ್ದರು. ತೂತುಗಳನ್ನೆಲ್ಲ ತಗಡು, ರಬ್ಬರು ಇಟ್ಟು ಬಿಗಿಯಬೇಕಾದ್ದರಿಂದ ಅದು ಅರ್ಧ ದಿನದ ಕೆಲಸ. ಈಚಿನ ವರ್ಷಗಳಲ್ಲಿ ಅನುಮಾನ ಬರುವುದೇ ಅಪರೂಪವಾಗಿತ್ತು. ಅದು ಯಾಕೆಂದು ಅವರು ಯೋಚಿಸಿರಲಿಲ್ಲ.

ಹೋದ ಬೇಸಿಗೆಯ ಶುರುವಿನಲ್ಲಿ ಪರಮೇಶ ಎಂಬವನು ಬಂದ. ಹೊಸದುರ್ಗದ ಹತ್ತಿರದ ಹಳ್ಳಿಯವನು, ಸ್ವಂತ ಡೀಸೆಲ್ ಅಂಬಾಸಡರ್ ಬಾಡಿಗೆಗೆ ಓಡಿಸುತ್ತಾನೆ. ಅವನ ತಾಯಿ ಓಬವ್ವನಿಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಕರೆತಂದು ಡಯಾಲಿಸಿಸ್ ಮಾಡಿಸಬೇಕು. ಹಿಂದಿನ ಸೀಟಿನಲ್ಲಿ ಮುದುಕಿ ಕಾಲು ಮಡಚಿ ಮಲಗಬಹುದು ಎಂಬ ಕಾರಣಕ್ಕೇ ಆ ಕಾರನ್ನು ಅವನು ಮಾರಿರಲಿಲ್ಲ.

"ಸಾಬ್ರೇ, ಗಾಡಿ ಬರೀ ಹೊಗೆ ಕಾರ್ತಾ ಐತೆ. ಏರು ಬಂದ್ರೆ ನಿಂತೇ ಬಿಡ್ತೈತೆ. ಹೋದ ವಾರ ಅವ್ವನ್ನ ಬಸ್ಸಲ್ಲಿ ಕರ್ಕಂಡು ಬಂದೆ. ವಾಪಸ್ ಹೋಗುವಾಗ ಸೀಟಿಂದ ಜಾರಿ ಕೆಳಗೆ ಬಿದ್ಲು" ಅಂದ ಪರಮೇಶ.

ಎಂಜಿನ್ ಇಳಿಸಿ ನೋಡಿದರೆ ಅವನ ಬ್ಲಾಕ್ ಮುಗಿದೇಹೋಗಿತ್ತು. ಹಿಂದೆಯೇ ಸ್ಲೀವ್ ಎಂಬ ಒಳಕೊಳವೆ ಹಾಕಿ ಕೊರೆದದ್ದು, ಇನ್ನು ಕೊರೆಯಲು ಗೋಡೆಯೇ ಉಳಿದಿರಲಿಲ್ಲ. ಬೇರೆ ಬ್ಲಾಕ್ ಹುಡುಕಬೇಕಾಯಿತು.

ಹಿರಿಯೂರಿನ ಹೈವೇ ಪಕ್ಕದಲ್ಲಿ ಚಿತ್ತಪ್ಪ ಎಂಬವರ ಗುಜರಿ ಅಂಗಳವಿದೆ. ಇಬ್ಬರೂ ಬಸ್ಸು ಹತ್ತಿ ಅಲ್ಲಿಗೆ ಹೋದರು. ತೆಂಗಿನಕಾಯಿ ಲಾರಿಗಳು ಒಂದರ ಹಿಂದೊಂದು ಹಾರನ್ ಹೊಡೆದುಕೊಂಡು ಹೋಗುತ್ತಿದ್ದವು. ಚಿತ್ತಪ್ಪ ಎರಡು ಬ್ಲಾಕ್ ತೋರಿಸಿದರು. ಒಂದರ ನಂಬರ್ ಉಜ್ಜಿದ್ದಾಗಿತ್ತು. ಫಜಲುಲ್ಲಾ ಅದನ್ನು ಮುಟ್ಟಲಿಲ್ಲ. ಇನ್ನೊಂದು ಕಂಪನಿಯಿಂದ ಬಂದ ಹಾಗೇ ಇತ್ತು, ಒಮ್ಮೆಯೂ ಕೊರೆದಿರಲಿಲ್ಲ. ಉಗುರಿಗೆ ಸವೆತ ಅಷ್ಟಾಗಿ ಸಿಗಲಿಲ್ಲ. ಬೇವಿನ ಕೊಂಬೆಗೆ ಸರಪಳಿ ಬಿಗಿದು ಮೇಲೆತ್ತಿಸಿ ಸುತ್ತಲೂ ತಟ್ಟಿದರು.

"ಹೆಂಗೈತೆ ಸಾಬ್ರೇ?" ಪರಮೇಶ ಕೇಳಿದ.

"ದನಿ ಚೆನ್ನಾಗೈತೆ. ಗಟ್ಟಿ ಮಾಲು."

"ನೀರಲ್ಲಿ ಹಾಕಿ ನೋಡೋದು ಬ್ಯಾಡ್ವಾ?"

"ಶುಕ್ರವಾರದೊಳಗೆ ಗಾಡಿ ಬೇಕು ಅಂತೀಯ. ಇದಕ್ಕೆ ಬ್ಯಾಡಪ್ಪ, ನಾನು ಕೇಳಿದೀನಲ್ಲ."

ಬ್ಲಾಕ್ ಚಿತ್ರದುರ್ಗಕ್ಕೆ ಬಂತು. ಕೊರೆದರು, ಉಜ್ಜಿದರು, ಪಿಸ್ಟನ್ ಕೂರಿಸಿದರು. ಶುಕ್ರವಾರ ಓಬವ್ವ ತನ್ನ ಸೀಟಿನಲ್ಲಿ ಮಲಗಿಕೊಂಡೇ ಆಸ್ಪತ್ರೆಗೆ ಬಂದಳು. ಪರಮೇಶ ಶಾಪಿನ ಮುಂದೆ ಕಾರು ನಿಲ್ಲಿಸಿ ತಾಯಿಯ ಕೈಯಿಂದಲೇ ಬಾಳೆಹಣ್ಣು ಕೊಡಿಸಿ ಹೋದ.

ಆ ಭಾನುವಾರ ಫಜಲುಲ್ಲಾ ಅವರ ಮಗಳು ಹುಮೇರಾ ತವರಿಗೆ ಬಂದಳು. ಅಮ್ಮ ದಿಲ್ಶಾದ್ ಬೇಗಂಗೆಂದು ಬಿ.ಪಿ. ನೋಡುವ ಸಣ್ಣ ಯಂತ್ರ ತಂದಿದ್ದಳು. ಕೈಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದಳು. ಎಲ್ಲರೂ ಕಾಯುತ್ತಾ ಕೂತರು.

"ಇನ್ನೂ ಆಗಲಿಲ್ವಾ?" ಅಂದರು ಫಜಲುಲ್ಲಾ.

ತಾಯಿ ಮಗಳು ಮುಖ ಮುಖ ನೋಡಿಕೊಂಡರು. "ಆಯ್ತಲ್ಲ ಅಬ್ಬಾ. ಆಗಿಂದ ಕೀ ಕೀ ಅಂತ ಕೂಗ್ತಾ ಇದೆ" ಅಂದಳು ಹುಮೇರಾ.

ಅವರು ಯಂತ್ರವನ್ನು ಎತ್ತಿ ಬಲಗಿವಿಗೆ ಹಿಡಿದುಕೊಂಡರು. ಎಲ್ಲೋ ದೂರದಲ್ಲಿ ಏನೋ ಕುಟುಕಿದ ಹಾಗಾಯಿತು. ಎಡಗಿವಿಗೆ ಹಿಡಿದರೆ ಏನೂ ಇಲ್ಲ.

"ಇದನ್ನ ನಾನು ಹೇಳ್ತಾನೇ ಇದೀನಿ" ಅಂದರು ದಿಲ್ಶಾದ್ ಬೇಗಂ. "ಅಡುಗೆಮನೆಯಿಂದ ಕೂಗಿದ್ರೆ ಓ ಅನ್ನಲ್ಲ ಇವರು. ಬೇಕಂತ ಮಾಡ್ತಾರೆ ಅಂದ್ಕಂಡಿದ್ದೆ."

ಫಜಲುಲ್ಲಾ ಎದ್ದು ಅಡುಗೆಮನೆಗೆ ಹೋಗಿ ಸ್ಟೀಲ್ ಲೋಟವನ್ನು ದಾರಕ್ಕೆ ಕಟ್ಟಿ ಚಮಚದಿಂದ ತಟ್ಟಿದರು. ಬೆರಳಿಗೆ ಲೋಟದ ನಡುಕ ಇನ್ನೂ ತಾಗುತ್ತಿತ್ತು, ಕಿವಿಯಲ್ಲಿ ದನಿ ಆಗಲೇ ನಿಂತುಹೋಗಿತ್ತು. ಮತ್ತೆ ತಟ್ಟಿದರು. ಮತ್ತೂ ಹಾಗೆಯೇ. ಕಿವಿ ಹೋಯಿತಲ್ಲ ಎಂಬುದಕ್ಕಿಂತ ಮೊದಲು ನೆನಪಾದದ್ದು ಹಿರಿಯೂರಿನ ಬೇವಿನ ಕೊಂಬೆಗೆ ತೂಗುಬಿದ್ದ ಬ್ಲಾಕು. ಆ ಲಾರಿಗಳ ಗದ್ದಲದಲ್ಲಿ ತಾನು ನಿಜಕ್ಕೂ ದನಿ ಕೇಳಿದೆನೇ? ಅಥವಾ ಇಷ್ಟು ವರ್ಷ ಕೇಳಿದ ದನಿಯನ್ನೇ ಮನಸ್ಸು ತುಂಬಿಕೊಂಡಿತೇ?

ಸೋಮವಾರ ಕಿವಿಯ ಡಾಕ್ಟರ ಹತ್ತಿರ ಹೋದರು. ಗಾಜಿನ ಕೋಣೆಯೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ದನಿ ಕೇಳಿದಾಗ ಬೆರಳೆತ್ತಿ ಅಂದರು. ಎಷ್ಟೋ ಹೊತ್ತು ಅವರ ಬೆರಳು ತೊಡೆಯ ಮೇಲೇ ಇತ್ತು.

"ದಪ್ಪ ದನಿ ಕೇಳುತ್ತೆ ನಿಮಗೆ. ಸಣ್ಣ, ಚೂಪು ದನಿಗಳು ಎರಡೂ ಕಿವಿಯಲ್ಲಿ ಕಡಿಮೆಯಾಗಿವೆ. ಎಡದಲ್ಲಿ ಇನ್ನೂ ಜಾಸ್ತಿ. ಇಷ್ಟು ವರ್ಷ ಮೆಷಿನ್ ಪಕ್ಕ ನಿಂತಿದೀರಲ್ಲ" ಅಂದರು ಡಾಕ್ಟರು.

"ಯಾವಾಗಿಂದ ಹಿಂಗಾಗಿರಬೋದು ಸಾರ್?"

"ಅದನ್ನ ಹೇಳೋಕಾಗಲ್ಲ. ನಿಧಾನಕ್ಕೆ ಆಗಿರುತ್ತೆ, ಗೊತ್ತೇ ಆಗಲ್ಲ."

ಅವರಿಗೆ ಬೇಕಾಗಿದ್ದದ್ದು ಅದೊಂದೇ ಉತ್ತರ. ಅದೇ ಸಿಗಲಿಲ್ಲ.

ಅಲ್ಲಿಂದ ಹೊರಬಂದವರೇ ಪರಮೇಶನಿಗೆ ಫೋನ್ ಮಾಡಿದರು. ಸ್ವಿಚ್ ಆಫ್. ಸಂಜೆಯೂ ಸಿಗಲಿಲ್ಲ. ಆ ಹೊತ್ತಿಗೆ ಮನಸ್ಸಿನಲ್ಲಿ ಎರಡು ಮಾತು ಓಡುತ್ತಿದ್ದವು. ಬ್ಲಾಕು ಚೆನ್ನಾಗಿಯೇ ಇರಬಹುದು, ಸುಮ್ಮನೆ ಅವನ ತಲೆ ಕೆಡಿಸುವುದೇಕೆ ಎಂಬುದು ಒಂದು. ಇನ್ನೊಂದು, ಇಲ್ಲದಿದ್ದರೆ? ಊಟದ ತಟ್ಟೆಯ ಮುಂದೆ ಅವರು ಬ್ಲಾಕಿನ ವಿಷಯ ಹೇಳಿಕೊಂಡಾಗ ದಿಲ್ಶಾದ್ ಬೇಗಂ, "ಅಷ್ಟು ಅನುಮಾನ ಇದ್ದಮೇಲೆ ಹೇಳಿಬಿಡ್ರಿ. ಮರ್ಯಾದೆ ಹೋದ್ರೆ ಹೋಗಲಿ. ಆ ಗಾಡಿ ಒಳಗೆ ಮಲಗಿರೋದು ಮುದುಕಿ" ಅಂದರು.

ಮಂಗಳವಾರ ಡಯಾಲಿಸಿಸ್ ದಿನ. ಬೆಳಿಗ್ಗೆಯೇ ಮತ್ತೆ ಫೋನ್ ಮಾಡಿದರು. ಈ ಸಲ ರಿಂಗಾಯಿತು. ಎತ್ತಿದ್ದು ಪರಮೇಶನ ಹೆಂಡತಿ ನೇತ್ರಾವತಿ.

"ಫೋನ್ ಮನೇಲೇ ಬಿಟ್ಟೋಗಿದಾರೆ ಸಾಬ್ರೇ. ಎರಡು ದಿನದಿಂದ ಚಾರ್ಜೇ ನಿಲ್ತಿಲ್ಲ ಅದ್ರಲ್ಲಿ. ಅತ್ತೇನ ಕರ್ಕಂಡು ಆಗ್ಲೇ ಹೊಂಟ್ರು."

"ಗಾಡಿ ಹೆಂಗೈತವ್ವಾ?"

"ಓಡೋದೇನೋ ಚೆನ್ನಾಗ್ ಓಡ್ತೈತಂತೆ. ನೀರೇ ಯಾಕೋ ಇಳೀತೈತಪ್ಪ ಅಂತಿದ್ರು. ದಿನಾ ಒಂದು ಚೊಂಬು ಹಾಕ್ತಾರೆ. ಹೊಸದ್ರಲ್ಲಿ ಹಂಗೇ ಅಲ್ವಾ?"

ಹೊಸದರಲ್ಲಿ ಹಾಗಲ್ಲ. ರೇಡಿಯೇಟರಿನ ನೀರು ನೆಲಕ್ಕೆ ಸೋರದೆ ಇಳಿಯುತ್ತಿದೆ ಎಂದರೆ ಅದು ಎಂಜಿನ್ನಿನ ಒಳಗೇ ಎಲ್ಲೋ ಹೋಗುತ್ತಿದೆ. ಫಜಲುಲ್ಲಾ ಕೂಡಲೇ ತಮ್ಮ ಮುಝಫರ್‌ಗೆ ಕರೆ ಮಾಡಿದರು. ಮುಝಫರ್ ಹತ್ತಿರ ಓಮ್ನಿ ವ್ಯಾನ್ ಇತ್ತು. ಅವನು ಬರುವಷ್ಟರಲ್ಲಿ ನೀರಿನ ಕ್ಯಾನು, ಸ್ಪ್ಯಾನರು, ಮನೆಯಿಂದ ಒಂದು ದಿಂಬು ತಂದು ರಸ್ತೆ ಬದಿಗೆ ಬಂದು ನಿಂತಿದ್ದರು.

ಹೊಳಲ್ಕೆರೆ ರಸ್ತೆ ಹಿಡಿದರು. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗದೆ ನಿಂತಿದ್ದವು, ಅಷ್ಟು ಸೆಕೆ. ಎದುರಿಂದ ಬಿಳಿ ಕಾರು ಕಂಡಾಗಲೆಲ್ಲ ಫಜಲುಲ್ಲಾ ಮುಂದಕ್ಕೆ ಬಾಗುತ್ತಿದ್ದರು.

"ಭಾಯಿ, ಸುಮ್ನೆ ಕೂರಿ. ಬಂದ್ರೆ ಎದುರಿಗೇ ಬರಬೇಕಲ್ಲ, ಬೇರೆ ದಾರಿ ಎಲ್ಲೈತೆ?" ಅಂದ ಮುಝಫರ್.

"ಬಂದ್ರೆ ಸರಿ. ಬರ್ದೇ ಇದ್ರೆ?"

ಹೊಳಲ್ಕೆರೆ ಬಂತು. ಬಸ್‌ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿ ಟೀ ಅಂಗಡಿಯಲ್ಲಿ ವಿಚಾರಿಸಿದರು. ಆ ಅಂಬಾಸಡರ್ ಎಲ್ಲರಿಗೂ ಗೊತ್ತು. ಆದರೆ ಇವತ್ತು ಇನ್ನೂ ಹೋಗಿಲ್ಲ ಅಂದರು. ಇಷ್ಟು ಹೊತ್ತಿಗೆ ಚಿತ್ರದುರ್ಗ ಮುಟ್ಟಿರಬೇಕಿತ್ತು. ಮುಝಫರ್ ವ್ಯಾನನ್ನು ಹೊಸದುರ್ಗದ ಕಡೆ ಇನ್ನೂ ಜೋರಾಗಿ ಓಡಿಸಿದ.

ಊರು ದಾಟಿ ಬಹಳ ದೂರ ಹೋದ ಮೇಲೆ, ಹುಣಸೆಮರದ ಕೆಳಗೆ ಕಾರು ನಿಂತಿರುವುದು ಕಂಡಿತು. ಬಾನೆಟ್ ಎತ್ತಿತ್ತು, ಒಳಗಿಂದ ಹಬೆ ಏಳುತ್ತಿತ್ತು. ಹಿಂದಿನ ಬಾಗಿಲು ತೆರೆದಿತ್ತು. ಓಬವ್ವನ ಊದಿದ ಕಾಲು ಹೊರಗೆ ಚಾಚಿತ್ತು. ಪರಮೇಶ ಹೊಲದ ಕಡೆಯಿಂದ ಬಿಂದಿಗೆ ತುಂಬ ತಣ್ಣೀರು ಹೊತ್ತುಕೊಂಡು ಬಂದು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ್ದ.

"ಹಾಕಬ್ಯಾಡಾ! ಪರಮೇಶಾ, ತಣ್ಣೀರು ಹಾಕಬ್ಯಾಡಾ!" ವ್ಯಾನ್ ನಿಲ್ಲುವ ಮೊದಲೇ ಫಜಲುಲ್ಲಾ ಜಿಗಿದು ಓಡಿದರು. ಮುಚ್ಚಳ ತೆಗೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಕಾದ ಎರಕಕ್ಕೆ ತಣ್ಣೀರು ಬಿದ್ದರೆ ಇರುವ ಬಿರುಕು ಮತ್ತೂ ಬಾಯಿ ಬಿಡುತ್ತದೆ. ಪರಮೇಶ ಬಿಂದಿಗೆ ಇಳಿಸಿ ದಿಗ್ಭ್ರಮೆಯಿಂದ ನೋಡಿದ.

"ನೀವೆಂಗೆ ಇಲ್ಲಿ ಸಾಬ್ರೇ?"

"ಅದೆಲ್ಲ ಆಮೇಲೆ ಹೇಳ್ತೀನಿ. ಮೊದ್ಲು ಅಮ್ಮನ್ನ ವ್ಯಾನಿಗೆ ಹಾಕಾಣ."

ಮೂವರೂ ಸೇರಿ ಓಬವ್ವನನ್ನು ಎತ್ತಿದರು. ಮುಖ ಊದಿ ಕಣ್ಣುಗಳು ಸಣ್ಣಗಾಗಿದ್ದವು, ಉಸಿರು ಎಳೆದೆಳೆದು ಬರುತ್ತಿತ್ತು. ದಿಂಬಿನ ಮೇಲೆ ತಲೆ ಇಟ್ಟಾಗ ಅವಳು ಫಜಲುಲ್ಲಾ ಅವರ ಕೈ ಹಿಡಿದು, "ನೀನ್ಯಾಕಪ್ಪಾ ಅಳ್ತೀಯ? ನಾನಿನ್ನೂ ಇದೀನಿ" ಅಂದಳು. ಕಣ್ಣಲ್ಲಿ ನೀರು ಬಂದಿದ್ದು ಅವರಿಗೆ ಆಗಲೇ ಗೊತ್ತಾದದ್ದು.

ಪರಮೇಶ ವ್ಯಾನ್ ಹತ್ತುವ ಮೊದಲೇ ಅವರು ಹೇಳಿಬಿಟ್ಟರು. "ಪರಮೇಶ, ಇದು ನನ್ನ ತಪ್ಪು. ನನಗೆ ಕಿವಿ ಸರಿಯಾಗಿ ಕೇಳಾಕಿಲ್ಲ, ನಿನ್ನೆ ಗೊತ್ತಾಯ್ತು. ಬ್ಲಾಕಿನ ದನಿ ಕೇಳ್ದೆ ಅಂದ್ನಲ್ಲ, ಕೇಳಿಲ್ಲ ಅಂತ ಕಾಣ್ತೈತೆ."

ಪರಮೇಶ ಅವರನ್ನೇ ನೋಡಿದ. ವ್ಯಾನ್ ಹತ್ತಿ ತಾಯಿಯ ತಲೆಯ ಹತ್ತಿರ ಕೂತು ಬಾಗಿಲು ಎಳೆದುಕೊಂಡ.

ವ್ಯಾನ್ ಹೋಯಿತು. ಫಜಲುಲ್ಲಾ ಕಾರಿನ ಹತ್ತಿರ ಒಬ್ಬರೇ ಉಳಿದರು. ಎಂಜಿನ್ ತಣ್ಣಗಾಗುವವರೆಗೆ ಮರದ ಬುಡದಲ್ಲಿ ಕೂತರು, ಎದ್ದರು, ರಸ್ತೆಯವರೆಗೆ ಹೋಗಿ ಬಂದರು. ಆಮೇಲೆ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದರು. ಕಪ್ಪಗಿರಬೇಕಾದ ಎಣ್ಣೆ ಕದಡಿದ ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು. ನೀರು ಒಳಗಿನಿಂದ ಎಣ್ಣೆಗೆ ಇಳಿದಿತ್ತು. ಇನ್ನು ಅನುಮಾನವೆಂಬುದು ಉಳಿಯಲಿಲ್ಲ. ಕಡ್ಡಿಯನ್ನು ಒರೆಸಿ ಮತ್ತೆ ಅದರ ಜಾಗಕ್ಕೆ ಸೇರಿಸಿ ಫೋನ್ ಕೈಯಲ್ಲಿ ಹಿಡಿದು ಕೂತರು. ರಿಂಗಾದರೆ ಕೇಳಿಸುವುದೋ ಇಲ್ಲವೋ ಎಂದು ಕಣ್ಣು ಮಿಟುಕಿಸದೆ ಅದರ ಗಾಜನ್ನೇ ನೋಡುತ್ತಿದ್ದರು. ಒಂದು ಸಲ ಪರದೆ ಬೆಳಗಿತು. ಯಾವುದೋ ಜಾಹೀರಾತಿನ ಮೆಸೇಜು.

ಕೊನೆಗೆ ಮುಝಫರ್ ಕರೆ ಮಾಡಿದ. "ಸೇರಿಸ್ದೆ ಭಾಯಿ. ಮೆಷಿನ್‌ಗೆ ಹಾಕಿದಾರೆ. ಇನ್ನೂ ತಡ ಆಗಿದ್ರೆ ಕಷ್ಟ ಆಗ್ತಿತ್ತಂತೆ. ಈಗ ಉಸಿರು ಪರವಾಗಿಲ್ಲ."

ಫಜಲುಲ್ಲಾ ಅಲ್ಲೇ ಬಂಪರಿಗೆ ಒರಗಿ ಕೂತುಬಿಟ್ಟರು.

ಕಾರನ್ನು ಎಳೆಸಿಕೊಂಡು ಶಾಪಿಗೆ ತಂದರು. ಎಂಜಿನ್ ಬಿಚ್ಚಿ, ಬ್ಲಾಕಿನ ತೂತುಗಳನ್ನೆಲ್ಲ ಬಿಗಿದು, ಮೊದಲೇ ಮಾಡಬೇಕಿದ್ದ ಹಾಗೆ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಬಿಟ್ಟರು. ಮೂರನೇ ಸಿಲಿಂಡರಿನ ಗೋಡೆಯಲ್ಲಿ, ಕೂದಲೆಳೆಗಿಂತ ಸಣ್ಣ ಗೆರೆಯಿಂದ, ಸಾಸಿವೆ ಕಾಳಿನಂಥ ಗುಳ್ಳೆಗಳು ಒಂದರ ಹಿಂದೊಂದು ಮೇಲೆ ಬಂದವು. ನಮ್ಮ ಗಡಸು ನೀರಿನ ತುಕ್ಕು ಟೊಳ್ಳಿನ ಕಡೆಯಿಂದ ತಿನ್ನುತ್ತಾ ಬಂದಿದ್ದ ಜಾಗ ಅದು.

ಎರಡು ದಿನ ಬಿಟ್ಟು ನೇತ್ರಾವತಿ ಒಬ್ಬಳೇ ಬಸ್ಸಿನಲ್ಲಿ ಶಾಪಿಗೆ ಬಂದಳು. ಕುಂತ್ಕಳವ್ವಾ ಎಂದರೂ ಕೂರಲಿಲ್ಲ.

"ನಿಮ್ಮ ಮಾತು ನಂಬ್ಕಂಡು ಅತ್ತೇನ ಅದ್ರಾಗೆ ಕೂರಿಸಿದ್ವಿ. ನೀರಲ್ಲಿ ಹಾಕಿ ನೋಡಾಣ ಅಂತ ನನ್ನ ಗಂಡ ಕೇಳಿರಲಿಲ್ವಾ?"

"ಕೇಳಿದ್ದ."

"ಮತ್ತೆ?"

"ನನ್ನ ಕಿವಿ ಮೇಲೆ ನನಗೆ ಜಾಸ್ತಿ ನಂಬಿಕೆ ಇತ್ತವ್ವಾ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಶುಕ್ರವಾರ ಹೆಂಗ್ ಕರ್ಕಂಡು ಬರೋದು ಹೇಳ್ರಿ" ಅಂದಳು. ಕಾರು ರಿಪೇರಿಯಾಗುವವರೆಗೆ ಪ್ರತಿ ಸಲವೂ ಮುಝಫರ್ ಅವರ ಹಳ್ಳಿಗೇ ಬಂದು ಕರೆತರುತ್ತಾನೆ ಎಂದರು ಫಜಲುಲ್ಲಾ. ಅವನು ಹಾಗೇ ಮಾಡಿದ.

ಬೇರೆ ಬ್ಲಾಕು ಸಿಕ್ಕಿದ್ದು ತುರುವನೂರಿನಲ್ಲಿ. ಕಾಟಲಿಂಗಪ್ಪ ಎಂಬ ಹಿರಿಯರ ಕೊಟ್ಟಿಗೆಯಲ್ಲಿ ಓಡದ ಅಂಬಾಸಡರೊಂದು ಶೇಂಗಾ ಚೀಲಗಳ ಹಿಂದೆ ನಿಂತಿತ್ತು. ಫಜಲುಲ್ಲಾ ಹೇಳಿಕಳಿಸಿದ್ದಕ್ಕೆ ಪರಮೇಶ ಅಲ್ಲಿಗೆ ಬಂದ, ಆದರೆ ಬೇಕಾದಷ್ಟೇ ಮಾತಾಡಿದ. ಎಂಜಿನ್ ಇಳಿಸಿ ಶಾಪಿಗೆ ತಂದ ಮೇಲೆ ಅವರು ಸುತ್ತಿಗೆ ಕೈಗೆತ್ತಿಕೊಳ್ಳಲಿಲ್ಲ. ತೊಟ್ಟಿಗೆ ನೀರು ಬಿಟ್ಟು, ಬ್ಲಾಕ್ ಮುಳುಗಿಸಿ, ಗಾಳಿ ತುಂಬಿ, "ನೀನೇ ನೋಡಪ್ಪ" ಅಂದರು.

ಪರಮೇಶ ತೊಟ್ಟಿಯ ಮೇಲೆ ಬಗ್ಗಿದ. ಟಾರ್ಚ್ ಹಿಡಿದು ಒಂದೊಂದೇ ಸಿಲಿಂಡರ್ ನೋಡಿದ. ಎದುರಿಗೆ ನಿಂತ ಫಜಲುಲ್ಲಾ ನೀರನ್ನು ನೋಡಲಿಲ್ಲ, ಪರಮೇಶನ ಮುಖವನ್ನೇ ನೋಡುತ್ತಿದ್ದರು. ಒಂದು ಗುಳ್ಳೆ ಎದ್ದಿತು. ಪರಮೇಶ ಟಾರ್ಚನ್ನು ಅದರತ್ತ ತಿರುಗಿಸಿದ. ಅದು ರಬ್ಬರಿನ ಅಂಚಿಗೆ ಅಂಟಿಕೊಂಡಿದ್ದ ಗಾಳಿ, ಮತ್ತೆ ಬರಲಿಲ್ಲ.

"ಏನೂ ಕಾಣ್ತಿಲ್ಲ ಸಾಬ್ರೇ" ಅಂದ ಪರಮೇಶ ತುಂಬಾ ಹೊತ್ತಾದ ಮೇಲೆ.

"ಇನ್ನೊಂದ್ಸಲ ನೋಡು."

ನೋಡಿದ. ಇರಲಿಲ್ಲ. ಆಗ ಅವನು ಎದ್ದು ನಿಂತು, ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ, "ಅವತ್ತು ನೀವು ಬರ್ದೇ ಇದ್ದಿದ್ರೆ ನಾನು ತಣ್ಣೀರು ಸುರಿದುಬಿಡ್ತಿದ್ದೆ. ಅವ್ವನೂ ಅಲ್ಲೇ..." ಅಂದು ಮಾತು ನಿಲ್ಲಿಸಿದ. "ಆದ್ರೂ ನನಗೆ ಸಿಟ್ಟೈತೆ ಸಾಬ್ರೇ. ಸುಳ್ಳು ಹೇಳಾಕಿಲ್ಲ."

"ಇರಲಿ" ಅಂದರು ಫಜಲುಲ್ಲಾ.

ಆ ಎಂಜಿನ್ ಈಗಲೂ ಓಡುತ್ತಿದೆ. ಓಬವ್ವ ಹಿಂದಿನ ಸೀಟಿನಲ್ಲಿ ಮಲಗಿಕೊಂಡೇ ಬರುತ್ತಾಳೆ. ಫಜಲುಲ್ಲಾ ಮಾತ್ರ ಡಯಾಲಿಸಿಸ್ ದಿನಗಳಲ್ಲಿ ಕಾರು ಹೊಳಲ್ಕೆರೆ ದಾಟಿತೆಂದು ತಿಳಿಯುವವರೆಗೆ ಶಾಪಿನ ಮೆಷಿನ್ ಹಾಕುವುದಿಲ್ಲ. ತಮ್ಮ ಮಾತಿನ ಮೇಲೆ ಬ್ಲಾಕ್ ಕೊಂಡಿದ್ದ ಉಳಿದವರನ್ನೂ ಒಬ್ಬೊಬ್ಬರನ್ನಾಗಿ ಹುಡುಕಿಸಿ ನೀರು ಇಳಿಯುತ್ತಿದೆಯೇ, ಎಣ್ಣೆಯ ಬಣ್ಣ ಹೇಗಿದೆ ಎಂದು ಕೇಳಿದರು. ಕೆಲವರು ನಕ್ಕರು. ಮದಕರಿಪುರದ ಮುರುಗಪ್ಪ ಹೆದರಿ ಜೀಪನ್ನೇ ತಂದು ನಿಲ್ಲಿಸಿದ. ಅದರಲ್ಲಿ ಏನೂ ದೋಷವಿರಲಿಲ್ಲ. ಒಬ್ಬ ಡ್ರೈವರ್ ಗಾಡಿ ಮಾರಿ ಊರು ಬಿಟ್ಟಿದ್ದ. ಅವನು ಎಲ್ಲಿದ್ದಾನೆಂದು ಇಂದಿಗೂ ತಿಳಿದಿಲ್ಲ. ಆ ಗಾಡಿಯ ಯೋಚನೆ ಅವರನ್ನು ಬಿಟ್ಟಿಲ್ಲ.

ಹುಮೇರಾಳ ಬಲವಂತಕ್ಕೆ ಕಿವಿಗೆ ಯಂತ್ರ ಹಾಕಿಸಿಕೊಂಡಿದ್ದಾರೆ. ಮೊದಮೊದಲು ಮನೆಯ ಫ್ಯಾನು, ಪಾತ್ರೆ, ಬೀದಿಯ ಬೈಕು ಎಲ್ಲವೂ ಚುಚ್ಚಿದಂತಾಗಿ ತೆಗೆದಿಡುತ್ತಿದ್ದರು. ಈಗ ರೂಢಿಯಾಗಿದೆ.

ಮೊನ್ನೆ ಹಿರಿಯೂರಿನ ಜುಂಜೇಶ್ ಎಂಬ ಮೆಕ್ಯಾನಿಕ್ ಪದ್ಮಿನಿಯ ಬ್ಲಾಕ್ ತಂದಿದ್ದ. ಗಿರಾಕಿ ಕಾಯುತ್ತಿದ್ದಾನೆ, ಬೇಗ ಒಂದೇಟು ತಟ್ಟಿ ಹೇಳಿಬಿಡಿ ಅಂದ.

"ನನಗೆ ಕಿವಿ ಕೇಳಲ್ಲ ಜುಂಜೇಶಪ್ಪ. ಕೇಳಿದ್ರೂ ಹಂಗೆ ಹೇಳಲ್ಲ. ಸಂಜೆ ತನಕ ಬಿಟ್ಟು ಹೋಗ್ರಿ."

ಜುಂಜೇಶ್ ಗೊಣಗಿದ. ಬೇರೆ ಶಾಪಿನವರು ಅಲ್ಲೇ ನಿಂತು ಹೇಳುತ್ತಾರೆ ಅಂದ. ಸ್ವಲ್ಪ ಹೊತ್ತು ನಿಂತ, ಆಟೋ ಡ್ರೈವರಿಗೆ ಇಳಿಸಬೇಡ ಅಂದ, ಮತ್ತೆ ಇಳಿಸು ಅಂದ. ಫಜಲುಲ್ಲಾ ಅವನನ್ನು ತಡೆಯಲೂ ಇಲ್ಲ, ಕರೆಯಲೂ ಇಲ್ಲ. ಪೈಪನ್ನು ತೊಟ್ಟಿಯೊಳಗೆ ಇಳಿಬಿಟ್ಟು ನಲ್ಲಿ ತಿರುಗಿಸಿ, ರಬ್ಬರಿನ ತುಂಡುಗಳನ್ನು ಬ್ಲಾಕಿನ ತೂತುಗಳಿಗೆ ಹೊಂದಿಸಿ ನೋಡಲು ಶುರುಮಾಡಿದರು.